ಉಪಮುಖ್ಯ ಶಿಕ್ಷಕಿ ಆದ ಮೊದಲ ತಿಂಗಳು: ಏನೇನು ಮಾಡಬೇಕು

ನಿನ್ನೆಯವರೆಗೆ ನೀವು ಮೂರನೇ ಕ್ಲಾಸಿನ ಟೀಚರ್, ಇವತ್ತಿನಿಂದ ಉಪಮುಖ್ಯ ಶಿಕ್ಷಕಿ. ಇನ್ನು ಮೇಲೆ ಏನು ಮಾಡಬೇಕು ಅಂತ ಕೂರಿಸಿಕೊಂಡು ಹೇಳುವವರು ಯಾರೂ ಇರುವುದಿಲ್ಲ. ಮುಂಬೈಯ ನಮ್ಮ ಕನ್ನಡ ಶಾಲೆಯಲ್ಲಿ ನನಗೂ ಯಾರೂ ಹೇಳಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯಿದೆ ತೆಗೆದು ನೋಡಿ. ಒಂದರಿಂದ ಐದನೇ ತರಗತಿವರೆಗೆ 150ಕ್ಕಿಂತ ಜಾಸ್ತಿ ಮಕ್ಕಳಿದ್ದರೆ ಒಬ್ಬ ಮುಖ್ಯ ಶಿಕ್ಷಕರು ಬೇಕು ಅಂತಿದೆ, ಉಪಮುಖ್ಯರ ಮಾತೇ ಅಲ್ಲಿಲ್ಲ. ಹಾಗಾಗಿ ನೀವು ಹೇಗೆ ಕೆಲಸ ಮಾಡುತ್ತೀರಿ ಅನ್ನುವುದು ಮುಖ್ಯ ಶಿಕ್ಷಕರು ಏನು ಬಿಟ್ಟುಕೊಡುತ್ತಾರೆ, ನಿಮಗೆಷ್ಟು ಪೀರಿಯಡ್ ಇದೆ, ಸ್ಟಾಫ್ ರೂಮಿನಲ್ಲಿ ನಿಮ್ಮ ಮೇಲೆ ಎಷ್ಟು ನಂಬಿಕೆ ಇದೆ, ಇವುಗಳ ಮೇಲೆ ನಿಂತಿರುತ್ತದೆ.

ಅದಕ್ಕೇ ಮೊದಲು ಮುಖ್ಯ ಶಿಕ್ಷಕರ ಹತ್ತಿರ ಅರ್ಧ ಗಂಟೆ ಕೇಳಿಕೊಳ್ಳಿ. ‘ಸರ್, ಯಾವುದನ್ನು ನಾನೇ ತೀರ್ಮಾನಿಸಬಹುದು, ಯಾವುದನ್ನು ನಿಮ್ಮನ್ನು ಕೇಳಿ ಮಾಡಬೇಕು?’ ಅಂತ ನೇರವಾಗಿ ಕೇಳಿ, ಅವರ ಎದುರಿಗೇ ಬರೆದುಕೊಳ್ಳಿ. ಟೈಮ್ ಟೇಬಲ್, ರಜೆ ಅರ್ಜಿ, ಊಟದ ರುಚಿ ನೋಡುವುದು, ಪಾಲಕರ ದೂರು, ಒಂದೊಂದನ್ನೂ ಹೆಸರು ಹಿಡಿದು ಕೇಳಿ. ಇದನ್ನು ಬಿಟ್ಟರೆ ಯಾರಿಗೂ ಬೇಡವಾದ ಕೆಲಸವೆಲ್ಲ ನಿಮ್ಮ ಮೇಜಿಗೆ ಬಂದು ಬೀಳುತ್ತದೆ.

ನಿಮ್ಮ ಪೀರಿಯಡ್‌ಗಳ ಬಗ್ಗೆಯೂ ಅಲ್ಲೇ ಮಾತಾಡಿ. ಪೂರ್ತಿ ಕ್ಲಾಸ್ ಇಟ್ಟುಕೊಂಡು ಆಡಳಿತವನ್ನೂ ನೋಡುತ್ತೇನೆ ಅಂದರೆ ಎರಡೂ ಕೆಡುತ್ತವೆ. ಮೊದಲ ಪೀರಿಯಡ್ ಖಾಲಿ ಇರಲಿ ಅಂತ ಹಟ ಹಿಡಿದು ಕೇಳಿ. ಯಾರು ಬಂದಿಲ್ಲ, ಅವರ ಕ್ಲಾಸಿಗೆ ಯಾರನ್ನು ಕಳಿಸಬೇಕು ಅಂತ ನೋಡಲು ಆ ಹೊತ್ತು ಬೇಕು. ಯಾಕೆ ಅಂತ ಹೇಳುತ್ತೇನೆ.

ಜುಲೈ ತಿಂಗಳ ಒಂದು ಬೆಳಿಗ್ಗೆ. ರಾತ್ರಿಯಿಡೀ ಮಳೆ, ಕುರ್ಲಾ ಹತ್ತಿರ ಹಳಿ ಮೇಲೆ ನೀರು, ಡೊಂಬಿವಲಿ–ಕಲ್ಯಾಣ್ ಕಡೆಯಿಂದ ಬರುವ ಮೂವರು ಟೀಚರ್ ಲೋಕಲ್‌ನಲ್ಲೇ ಸಿಕ್ಕಿಕೊಂಡಿದ್ದಾರೆ. ಮಕ್ಕಳು ಮಾತ್ರ ಪಕ್ಕದ ಚಾಳ್‌ಗಳವರು, ಒದ್ದೆ ಚಪ್ಪಲಿ ಬಾಗಿಲಲ್ಲಿ ಬಿಟ್ಟು ಕೂತಿದ್ದಾರೆ. ಆ ದಿನ ಕೈಗೆ ಸಿಕ್ಕವರನ್ನೇ ಕ್ಲಾಸಿಗೆ ಕಳಿಸಿದೆ. ಆಮೇಲೆ ನೋಡಿದರೆ ಆ ವಾರವೆಲ್ಲ ಪ್ರಾಕ್ಸಿ, ಅಂದರೆ ಬಾರದವರ ಬದಲಿಗೆ ಕ್ಲಾಸ್, ಮಾಡಿದ್ದು ಶಾಲೆ ಹತ್ತಿರ ಮನೆ ಇರುವ ಒಬ್ಬರೇ ಟೀಚರ್. ಅವರು ಜಗಳ ಆಡಲಿಲ್ಲ, ಆದರೆ ಮಾತು ಕಡಿಮೆ ಮಾಡಿದರು. ನನಗೆ ತುಂಬಾ ನೋವಾಯಿತು, ತಪ್ಪು ನನ್ನದೇ ಅಲ್ವಾ.

ಅವತ್ತಿನಿಂದ ಇನ್ನೂರು ಪೇಜಿನ ಒಂದು ನೋಟ್‌ಬುಕ್ ಇಟ್ಟೆ, ನೀವೂ ಇಡಿ. ತಾರೀಖು, ಯಾರು ಬಂದಿಲ್ಲ, ಯಾವ ಕ್ಲಾಸ್, ಯಾರು ಹೋದರು, ಏನು ಕಲಿಸಿದರು. ಇಷ್ಟೇ. ಸ್ಟಾಫ್ ರೂಮಿನಲ್ಲೇ ಇಡಿ, ಎಲ್ಲರೂ ನೋಡಲಿ. ತಿಂಗಳ ಕೊನೆಗೆ ಯಾರಿಗೆ ಜಾಸ್ತಿ ಬಿದ್ದಿದೆ ಅಂತ ಎಣಿಸಿ, ಮುಂದಿನ ತಿಂಗಳು ಸರಿದೂಗಿಸಿ. ನಿಮ್ಮ ಹೆಸರೂ ಅದರಲ್ಲಿ ಬರಬೇಕು. ಜನಗಣತಿ, ಚುನಾವಣೆ ಡ್ಯೂಟಿ ಬಂದಾಗ ಈ ಪುಸ್ತಕವೇ ಕೈ ಹಿಡಿಯುತ್ತದೆ. ಪಾಠ ಬಿಟ್ಟು ಬೇರೆ ಕೆಲಸಕ್ಕೆ ಟೀಚರ್‌ಗಳನ್ನು ಕಳಿಸಬಾರದು ಅಂತ ಕಾಯಿದೆಯ 27ನೇ ಕಲಂ ಹೇಳುತ್ತದಾದರೂ ಈ ಎರಡಕ್ಕೆ ಮತ್ತು ವಿಪತ್ತು ಪರಿಹಾರಕ್ಕೆ ವಿನಾಯಿತಿ ಇದೆ.

ಹಳೆ ಗೆಳತಿಯರ ಜೊತೆ ಚಹಾ ಕುಡಿಯುವುದನ್ನು ಬಿಡಬೇಡಿ. ಆದರೆ ಯಾರದಾದರೂ ಕ್ಲಾಸಿನ ತಪ್ಪು ಹೇಳುವುದಿದ್ದರೆ ಒಬ್ಬರನ್ನೇ ಕರೆದು ಹೇಳಿ, ಚಹಾ ಹೊತ್ತಿನಲ್ಲಿ ಬೇಡ.

ಇನ್ನೊಂದು ಕೆಲಸ ಆಗಸ್ಟ್‌ನಲ್ಲೇ ಶುರು ಮಾಡಿ. ಮಹಾರಾಷ್ಟ್ರದಲ್ಲಿ ಶಿಕ್ಷಕರ ಹುದ್ದೆ ಲೆಕ್ಕ ಹಾಕುವುದು ಸೆಪ್ಟೆಂಬರ್ 30ರ ಪಟದ ಮೇಲೆ, ಅಂದರೆ ಅವತ್ತು ದಾಖಲಾತಿಯಲ್ಲಿರುವ ಮಕ್ಕಳ ಸಂಖ್ಯೆಯ ಮೇಲೆ. ಶಿಕ್ಷಣ ಹಕ್ಕು ಕಾಯಿದೆಯ ಪಟ್ಟಿಯಲ್ಲಿ 60 ಮಕ್ಕಳವರೆಗೆ ಇಬ್ಬರು ಟೀಚರ್, 61 ಆದರೆ ಮೂವರು. ಚಿಕ್ಕ ಕನ್ನಡ ಶಾಲೆಗೆ ಒಂದೊಂದು ಮಗುವೂ ಲೆಕ್ಕಕ್ಕೆ ಬರುತ್ತದೆ. ನಮ್ಮಲ್ಲಿ ಕಲಬುರಗಿ, ಯಾದಗಿರಿ ಕಡೆಯ ಮಕ್ಕಳು ಪಂಚಮಿಗೆ ಊರಿಗೆ ಹೋದರೆ ಬೇಗ ವಾಪಸ್ ಬರುವುದಿಲ್ಲ. ಸುಮ್ನೆ ಗೈರುಹಾಜರಿ ಹಾಕುತ್ತಾ ಕೂರಬೇಡಿ. ತಾಯಿಗೆ ನೀವೇ ಫೋನ್ ಮಾಡಿ, ‘ಏನವ್ವಾ, ಮಗ ಆರಾಮ ಅದಾನಾ?’ ಅಂತ ಮೊದಲು ವಿಚಾರಿಸಿ, ಆಮೇಲೆ ಮುಂಬೈಗೆ ವಾಪಸ್ ಬರಲು ಉದ್ಯಾನ್ ಎಕ್ಸ್‌ಪ್ರೆಸ್ ರೈಲಿಗೆ ಯಾವತ್ತು ಟಿಕೆಟ್ ಮಾಡಿಸಿದ್ದಾರೆ ಅಂತ ಕೇಳಿ, ಆ ತಾರೀಖನ್ನು ಅದೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಬರೆದುಕೊಳ್ಳಿ.