ದಪ್ಪ ಕಾದಂಬರಿ ಆಮೇಲೆ: ಓದಿ, ಸಿನಿಮಾ ನೋಡಿ ಹೊಸ ಭಾಷೆ ಕಲಿಯುವುದು ಹೇಗೆ

ಹೊಸ ಭಾಷೆ ಕಲಿಯುವವರು ಒಂದು ಹಂತಕ್ಕೆ ಬಂದು ನಿಂತುಬಿಡುತ್ತಾರೆ. ವ್ಯಾಕರಣದ ಪುಸ್ತಕ ಮುಗಿದಿರುತ್ತದೆ, ಆಪ್‌ನಲ್ಲಿ ದಿನಾ ಟಿಕ್ ಬೀಳುತ್ತಿರುತ್ತದೆ, ಆದರೆ ಆ ಭಾಷೆಯವರು ಯಾರಾದರೂ ಎದುರಿಗೆ ನಿಂತು ಎರಡು ಮಾತಾಡಿದರೆ ತಲೆ ಖಾಲಿ. ಇಂಥವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಪುಸ್ತಕ ಓದು, ಸಿನಿಮಾ ನೋಡು. ಸಲಹೆ ಸರಿಯಾಗಿಯೇ ಇದೆ. ಎಂಥದ್ದು ಓದಬೇಕು, ಹೇಗೆ ನೋಡಬೇಕು ಅನ್ನುವುದನ್ನು ಮಾತ್ರ ಜಾಸ್ತಿ ಜನ ಹೇಳುವುದಿಲ್ಲ.

ನಾನು ಫ್ರೆಂಚ್ ಕಲಿಯುವಾಗ ಯಾರದೋ ಮಾತು ಕೇಳಿ 400 ಪುಟದ ಕಾದಂಬರಿ ತಂದೆ. ಪೆನ್ಸಿಲು, ನಿಘಂಟು, ನೋಟ್‌ಬುಕ್ಕು ಎಲ್ಲಾ ಇಟ್ಟುಕೊಂಡು ಕೂತೆ. ಒಂದು ಪುಟಕ್ಕೆ ನಲವತ್ತು ನಿಮಿಷ. ಹನ್ನೊಂದನೇ ಪುಟಕ್ಕೆ ಬರುವಷ್ಟರಲ್ಲಿ ಮೊದಲ ಪುಟದಲ್ಲಿ ಸತ್ತವನು ಯಾರು ಅನ್ನುವುದೇ ಮರೆತುಹೋಗಿತ್ತು. ಆ ಪುಸ್ತಕ ಹನ್ನೆರಡನೇ ಪುಟದಿಂದ ಮುಂದಕ್ಕೆ ಇವತ್ತಿಗೂ ಹೊಸದಾಗಿಯೇ ಇದೆ. ನಾನು ಮಾಡುತ್ತಿದ್ದದ್ದು ಓದು ಅಲ್ಲವೇ ಅಲ್ಲ, ಪದ ಬಿಡಿಸುವ ಕೂಲಿ ಕೆಲಸ.

ಎಷ್ಟು ಸುಲಭ ಇರಬೇಕು?

ನಿಮಗೆ ಅನ್ನಿಸುವುದಕ್ಕಿಂತ ತುಂಬಾ ಸುಲಭ. ನ್ಯೂಜಿಲೆಂಡಿನ ಭಾಷಾತಜ್ಞ ಪಾಲ್ ನೇಷನ್ ಪದ ಕಲಿಕೆಯ ಬಗ್ಗೆ ದಶಕಗಳ ಕಾಲ ಕೆಲಸ ಮಾಡಿದವರು. ಅವರೂ ಇನ್ನೊಬ್ಬರೂ ಸೇರಿ 2000ದಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಂಡದ್ದು ಇಷ್ಟು: ಯಾರ ನೆರವೂ ಇಲ್ಲದೆ ಒಂದು ಕಥೆ ಚೆನ್ನಾಗಿ ಅರ್ಥವಾಗಬೇಕಾದರೆ ಅದರಲ್ಲಿನ ಪದಗಳಲ್ಲಿ ನೂರಕ್ಕೆ 98 ನಿಮಗೆ ಮೊದಲೇ ಗೊತ್ತಿರಬೇಕು. 98 ಅಂದರೆ ಜಾಸ್ತಿ ಆಯ್ತು ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ ನೋಡಿ. 300 ಪದದ ಪುಟದಲ್ಲಿ ನೂರಕ್ಕೆ 90 ಗೊತ್ತಿದ್ದರೂ 30 ಪದ ಗೊತ್ತಿಲ್ಲ. ಸಾಲಿಗೊಂದು ಮುಗ್ಗರಿಕೆ. 98 ಗೊತ್ತಿದ್ದರೆ ಪುಟಕ್ಕೆ ಆರೇ ಪದ, ಅವನ್ನು ಊಹಿಸಿಕೊಂಡು ಮುಂದೆ ಹೋಗಬಹುದು.

ಹಾಗಾಗಿ ಪುಸ್ತಕ ಕೈಗೆ ತಗೊಂಡ ಕೂಡಲೇ ಮಧ್ಯದ ಒಂದು ಪುಟ ತೆರೆದು ಗೊತ್ತಿಲ್ಲದ ಪದಗಳನ್ನು ಎಣಿಸಿ. ಆರೇಳಕ್ಕೆ ನಿಂತರೆ ತಗೊಳ್ಳಿ. ಹದಿನೈದು ದಾಟಿದರೆ ವಾಪಸ್ ಇಡಿ. ಇದರಲ್ಲಿ ಅವಮಾನ ಏನೂ ಇಲ್ಲ.

ಶುರುವಿನಲ್ಲಿ ಈ ಪರೀಕ್ಷೆಯಲ್ಲಿ ಪಾಸಾಗುವುದು ಗ್ರೇಡೆಡ್ ರೀಡರ್‌ಗಳು ಮಾತ್ರ. ಅಂದರೆ ಕಲಿಯುವವರಿಗೆ ಅಂತಲೇ, ಪದಗಳಿಗೆ ಮಿತಿ ಹಾಕಿಕೊಂಡು ಬರೆದ ಪುಸ್ತಕಗಳು. ಇಂಗ್ಲಿಷಿನ ಆಕ್ಸ್‌ಫರ್ಡ್ ಬುಕ್‌ವರ್ಮ್ಸ್ ಮಾಲೆಯಲ್ಲಿ ಒಂದನೇ ಹಂತ 400 ಮೂಲ ಪದಗಳದ್ದು, ಆರನೇ ಹಂತ 2,500ರದ್ದು. ಫ್ರೆಂಚ್, ಜರ್ಮನ್, ಸ್ಪ್ಯಾನಿಷ್, ಜಪಾನಿ ಭಾಷೆಗಳಲ್ಲೂ ಇಂಥವು ಬೇಕಾದಷ್ಟಿವೆ. ಕಥೆ ಸಪ್ಪೆ ಅನ್ನಿಸಬಹುದು, ನಿಜ. ಆದರೆ ಪರಭಾಷೆಯಲ್ಲಿ ಒಂದು ಪುಸ್ತಕವನ್ನು ಮೊದಲಿಂದ ಕೊನೆವರೆಗೆ ಮುಗಿಸಿದಾಗ ಬರುವ ಧೈರ್ಯವೇ ಬೇರೆ.

ಮಕ್ಕಳ ಪುಸ್ತಕ ಸುಲಭ ಇರುತ್ತದೆ ಅಂತ ಸುಮ್ನೆ ನಂಬಬೇಡಿ. ಅದರಲ್ಲಿ ಕಪ್ಪೆ ಕುಪ್ಪಳಿಸುವುದಕ್ಕೆ ಒಂದು ಪದ, ಕತ್ತೆ ಒದರುವುದಕ್ಕೆ ಇನ್ನೊಂದು, ಮಾಟಗಾತಿಯ ಪೊರಕೆಗೆ ಮತ್ತೊಂದು. ಆ ಭಾಷೆಯ ಮಗುವಿಗೆ ಅವೆಲ್ಲ ಗೊತ್ತು, ನಿಮಗೆ ಗೊತ್ತಿಲ್ಲ. ಅದಕ್ಕಿಂತ ನೀವು ಈಗಾಗಲೇ ಕನ್ನಡದಲ್ಲೋ ಇನ್ನೊಂದು ಭಾಷೆಯಲ್ಲೋ ಓದಿರುವ ಕಥೆಯ ಅನುವಾದ ಒಳ್ಳೆಯದು. ಇಲ್ಲದಿದ್ದರೆ ನಿಮಗೆ ಚೆನ್ನಾಗಿ ಗೊತ್ತಿರುವ ವಿಷಯದ ಬರಹ ಹಿಡಿಯಿರಿ. ಸೈಕಲ್ ಹುಚ್ಚಿದ್ದವರು ಸೈಕಲ್ ಬಗ್ಗೆಯೇ ಓದಲಿ. ಒಂದೇ ವಿಷಯ, ಒಂದೇ ಲೇಖಕರು ಅಂತ ಅಂಟಿಕೊಂಡರೆ ಅವೇ ಪದಗಳು ತಿರುಗಿ ತಿರುಗಿ ಬರುತ್ತವೆ. ಒಂದು ಪದವನ್ನು ಒಂದೆರಡು ಸಲ ನೋಡಿದರೆ ಅದು ಕೂರುವುದಿಲ್ಲ, ಬೇರೆ ಬೇರೆ ಕಡೆ ಹತ್ತು ಹನ್ನೆರಡು ಸಲ ಎದುರಾಗಬೇಕು.

ಇನ್ನು ನಿಘಂಟು. ಜಪಾನಿನಲ್ಲಿ ಹೀಗೆ ರಾಶಿಗಟ್ಟಲೆ ಓದುವುದಕ್ಕೆ ‘ತಾದೊಕು’ ಅಂತಲೇ ಹೆಸರಿದೆ. ಅದರ ನಿಯಮಗಳು ನನಗೆ ತುಂಬಾ ಇಷ್ಟ: ತೀರಾ ಸುಲಭದ್ದರಿಂದ ಶುರು ಮಾಡಿ, ಓದುವಾಗ ನಿಘಂಟು ಮುಟ್ಟಬೇಡಿ, ಗೊತ್ತಾಗದ ಕಡೆ ಹಾರಿಸಿ, ಬೇಜಾರಾದರೆ ಪುಸ್ತಕವನ್ನೇ ಬಿಟ್ಟು ಬೇರೆ ತಗೊಳ್ಳಿ. ನಾನು ಇದನ್ನು ಸ್ವಲ್ಪ ಸಡಿಲ ಮಾಡಿಕೊಂಡಿದ್ದೇನೆ. ಒಂದೇ ಪದ ಮೂರನೇ ಸಲ ಬಂದು ಕಥೆಗೇ ಅಡ್ಡ ನಿಂತರೆ ನೋಡುತ್ತೇನೆ, ಇಲ್ಲದಿದ್ದರೆ ಇಲ್ಲ. ಇ-ರೀಡರ್‌ನಲ್ಲಿ ಓದುವವರು ಇಲ್ಲಿ ಹುಷಾರು. ಬೆರಳಿಟ್ಟರೆ ಸಾಕು, ಅರ್ಥ ಬರುತ್ತದೆ. ಹಾಗೆ ಪ್ರತಿ ಪದಕ್ಕೂ ಬೆರಳಿಡುತ್ತಾ ಹೋದರೆ ಊಹಿಸುವ ಅಭ್ಯಾಸವೇ ಬೆಳೆಯುವುದಿಲ್ಲ.

ಹಂಗೇರಿಯ ದುಭಾಷಿ ಕಾತೋ ಲೋಂಬ್ (1909–2003) ಕಾದಂಬರಿಗಳನ್ನು ಓದಿ ಓದಿಯೇ ಹಲವು ಭಾಷೆ ಕಲಿತವರು. ಅವರು ಸುಲಭದ ಪುಸ್ತಕಕ್ಕೆ ಕಾಯದೆ ನೇರ ನಿಜವಾದ ಕಾದಂಬರಿಗೇ ಕೈಹಾಕುತ್ತಿದ್ದರು. ಆ ಹಠ ನಿಮಗಿದ್ದರೆ ನನ್ನ ಮಾತು ಬಿಟ್ಟುಬಿಡಿ. ನನಗಂತೂ ಇರಲಿಲ್ಲ.

ಯಾಕಿಷ್ಟು ಸುಲಭ ಸುಲಭ ಅಂತ ಹೇಳುತ್ತಿದ್ದೇನೆ ಅಂದರೆ ಇಲ್ಲಿ ಕೆಲಸ ಮಾಡುವುದು ಪ್ರಮಾಣ. ನಿಮಿಷಕ್ಕೆ 100 ಪದದ ನಿಧಾನದ ಓದು ಅಂತಲೇ ಇಟ್ಟುಕೊಳ್ಳಿ. ದಿನಕ್ಕೆ ಅರ್ಧ ಗಂಟೆ ಅಂದರೆ 3,000 ಪದ, ವರ್ಷಕ್ಕೆ ಹತ್ತು ಲಕ್ಷದ ಮೇಲೆ. ನನ್ನ ಪುಟಕ್ಕೆ ನಲವತ್ತು ನಿಮಿಷದ ಲೆಕ್ಕದಲ್ಲಿ ಅದೇ ಅರ್ಧ ಗಂಟೆಗೆ 225 ಪದ, ಅದೂ ಬೈದುಕೊಂಡು.

ಸಿನಿಮಾ ಕಾಯುವುದಿಲ್ಲ

ಪುಸ್ತಕ ನಿಮಗೋಸ್ಕರ ನಿಲ್ಲುತ್ತದೆ. ಸಿನಿಮಾ ಓಡುತ್ತಲೇ ಇರುತ್ತದೆ. ಆದರೂ ಅದನ್ನು ಬಿಡುವ ಹಾಗಿಲ್ಲ, ಯಾಕೆಂದರೆ ಪುಸ್ತಕದ ಭಾಷೆ ಬೇರೆ, ಬಾಯಿಯ ಭಾಷೆ ಬೇರೆ. ಫ್ರೆಂಚಿನಲ್ಲಿ ‘ನನಗೆ ಗೊತ್ತಿಲ್ಲ’ ಅನ್ನುವುದಕ್ಕೆ ಪುಸ್ತಕದಲ್ಲಿ ‘ಜ ನ ಸೆ ಪಾ’ ಅಂತ ಇರುತ್ತದೆ. ಜನ ಮಾತಾಡುವಾಗ ಅದು ಕರಗಿ ‘ಶೆ ಪಾ’ ಆಗಿರುತ್ತದೆ. ಕಾದಂಬರಿಗಳ ತುಂಬಾ ಬರುವ ಒಂದು ಭೂತಕಾಲದ ರೂಪವನ್ನಂತೂ ಮಾತಿನಲ್ಲಿ ಯಾರೂ ಬಳಸುವುದೇ ಇಲ್ಲ ಅನ್ನಬಹುದು. ಬರೀ ಓದಿ ಕಲಿತವನು ಬಾಯಿ ಬಿಟ್ಟರೆ ಕೇಳುವವರಿಗೆ ಹಳೇ ಶಾಸನ ಓದಿದ ಹಾಗಿರುತ್ತದೆ.

ಸಬ್‌ಟೈಟಲ್ ವಿಚಾರದಲ್ಲಿ ನನ್ನದು ಒಂದೇ ಹಠ: ಮಾತು ಯಾವ ಭಾಷೆಯದೋ ಅಕ್ಷರವೂ ಅದೇ ಭಾಷೆಯದಿರಲಿ. ನಿಮ್ಮ ಭಾಷೆಯ ಸಬ್‌ಟೈಟಲ್ ಹಾಕಿಕೊಂಡರೆ ಕಣ್ಣು ಓದುತ್ತದೆ, ಕಿವಿ ಮಲಗುತ್ತದೆ. ನೆದರ್‌ಲೆಂಡ್ಸ್‌ನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಡಚ್ ಜನರಿಗೆ ಸ್ಕಾಟಿಷ್ ಮತ್ತು ಆಸ್ಟ್ರೇಲಿಯನ್ ಉಚ್ಚಾರಣೆಯ ಇಂಗ್ಲಿಷ್ ತೋರಿಸಿದರು. ಇಂಗ್ಲಿಷ್ ಸಬ್‌ಟೈಟಲ್ ಇದ್ದವರ ಕಿವಿ ಆ ಉಚ್ಚಾರಣೆಗೆ ಚೆನ್ನಾಗಿ ಹೊಂದಿಕೊಂಡಿತು. ಡಚ್ ಸಬ್‌ಟೈಟಲ್ ನೆರವಾಗುವ ಬದಲು ಅಡ್ಡಿಯೇ ಆಯಿತು.

ಡಬ್ ಆದ ಸಿನಿಮಾದಲ್ಲಿ ಒಂದು ತೊಡಕಿದೆ. ಡಬ್ಬಿಂಗಿನ ಮಾತನ್ನು ತುಟಿ ಚಲನೆಗೆ ಹೊಂದುವ ಹಾಗೆ ಬರೆಯುತ್ತಾರೆ, ಸಬ್‌ಟೈಟಲನ್ನು ಪರದೆಯಲ್ಲಿ ಹಿಡಿಸುವ ಹಾಗೆ. ಭಾಷೆ ಒಂದೇ ಆದರೂ ಎರಡೂ ಎಷ್ಟೋ ಸಲ ತಾಳೆಯಾಗುವುದಿಲ್ಲ. ‘ಅವನು ಹೇಳಿದ್ದು ಒಂದು, ಬರೆದಿರುವುದು ಇನ್ನೊಂದು’ ಅಂತ ತಲೆ ಕೆಡಿಸಿಕೊಳ್ಳುವ ಬದಲು ಆ ಭಾಷೆಯಲ್ಲೇ ತೆಗೆದದ್ದನ್ನು ನೋಡಿ.

ಎರಡು ಗಂಟೆಯ ಸಿನಿಮಾಕ್ಕಿಂತ ಸೀರೀಸ್ ಮೇಲು. ಅವೇ ಪಾತ್ರ, ಅವೇ ದನಿ, ಅವೇ ಜಗಳ. ಮೊದಲ ಎರಡು ಎಪಿಸೋಡ್ ಕಷ್ಟ, ಐದನೆಯದಕ್ಕೆ ಬರುವಷ್ಟರಲ್ಲಿ ಯಾರು ಹೇಗೆ ಮಾತಾಡುತ್ತಾರೆ ಅನ್ನುವುದು ಕಿವಿಗೆ ಸಿಕ್ಕಿರುತ್ತದೆ. ಮನೆ, ಆಫೀಸು, ಗೆಳೆಯರ ಕಥೆ ಹುಡುಕಿ. ಹೊಡೆದಾಟದ ಸಿನಿಮಾದಲ್ಲಿ ಮಾತೇ ಕಡಿಮೆ. ರಾಜರ ಕಾಲದ್ದರಲ್ಲಿ ಮಾತು ಜಾಸ್ತಿ, ಉಪಯೋಗಕ್ಕೆ ಬರುವುದು ಕಡಿಮೆ.

ನಾನು ಮಾಡುವುದು ಹೀಗೆ. ಮೊದಲ ಸಲ ಎಪಿಸೋಡನ್ನು ಎಲ್ಲೂ ನಿಲ್ಲಿಸದೆ ನೋಡುತ್ತೇನೆ, ಕಥೆ ಸಿಕ್ಕರೆ ಸಾಕು. ಮರುದಿನ ಅದರಲ್ಲೇ ಐದು ನಿಮಿಷದ ಒಂದು ದೃಶ್ಯ ಆರಿಸಿಕೊಂಡು ಸಬ್‌ಟೈಟಲ್ ಜೊತೆ ನೋಡಿ, ಆಮೇಲೆ ಅದನ್ನು ಮುಚ್ಚಿ ಮತ್ತೆ ನೋಡುತ್ತೇನೆ. ಮೊದಲು ಗೊಜಗೊಜ ಅಂತಿದ್ದದ್ದು ಮೂರನೇ ಸಲಕ್ಕೆ ಪದ ಪದವಾಗಿ ಬಿಡಿಸಿಕೊಳ್ಳುತ್ತದೆ. ಆಗ ಒಂದೆರಡು ಸಾಲನ್ನು ಪಾತ್ರದ ಜೊತೆಜೊತೆಗೇ, ಅದೇ ಏರಿಳಿತದಲ್ಲಿ ಗಟ್ಟಿಯಾಗಿ ಹೇಳಿ. ಬಾಗಿಲು ಹಾಕಿಕೊಂಡು ಮಾಡಿ, ಮನೆಯವರು ಗಾಬರಿಯಾಗುತ್ತಾರೆ. ಐದು ನಿಮಿಷ ಸಾಕು, ಇಡೀ ಎಪಿಸೋಡನ್ನು ಹೀಗೆ ಅರೆದರೆ ಅದೂ ನನ್ನ ಕಾದಂಬರಿಯ ಹಾದಿ ಹಿಡಿಯುತ್ತದೆ.

ಇದರಿಂದಲೇ ಸರಾಗವಾಗಿ ಮಾತು ಬಂದುಬಿಡುತ್ತದೆ ಅಂತ ನಾನು ಹೇಳಲ್ಲ. ಮಾತಿಗೆ ಮಾತೇ ಬೇಕು, ಎದುರಿಗೊಬ್ಬರು ಬೇಕು. ಆದರೆ ಎದುರಿನವರು ಹೇಳಿದ್ದು ಅರ್ಥವಾಗಿ, ಉತ್ತರಕ್ಕೆ ಬೇಕಾದ ಪದ ಬಾಯಿಯ ಹತ್ತಿರ ಇದ್ದರೆ ಆ ಮಾತುಕತೆ ಅರ್ಧ ನಿಮಿಷಕ್ಕೆ ಸಾಯುವುದಿಲ್ಲ.

ಮುಂದಿನ ಹಂತದ ಪುಸ್ತಕಕ್ಕೆ ಯಾವಾಗ ಹೋಗಬೇಕು ಅಂತ ಕೇಳುತ್ತಾರೆ. ಇಪ್ಪತ್ತು ಪುಟ ಓದಿ ಕೆಳಗಿಟ್ಟಾಗ ಕಥೆ ಮಾತ್ರ ನೆನಪಿದ್ದು, ಯಾವ ಭಾಷೆಯಲ್ಲಿ ಓದಿದೆ ಅನ್ನುವ ಗಮನವೇ ಇರಲಿಲ್ಲ ಅಂದರೆ, ಆವಾಗ.