ಸೇನೆಯ ಹೆಲಿಕಾಪ್ಟರ್ ಹಾರಿಸಬೇಕಾ? ಮೊದಲು ಕೈ ಪಳಗಲಿ

ಸೇನೆಯಲ್ಲಿ ಹೆಲಿಕಾಪ್ಟರ್ ಪೈಲಟ್ ಆಗಬೇಕು ಅನ್ನುವವರು ನನ್ನನ್ನು ಮೊದಲು ಕೇಳುವುದು ವಯಸ್ಸು, ಅಂಕ, ಎತ್ತರದ ಬಗ್ಗೆ. ಅದು ಒಂದೊಂದು ದೇಶದಲ್ಲಿ ಒಂದೊಂದು ಥರ. ಆಯಾ ಸೇನೆಯ ನೇಮಕಾತಿ ಪ್ರಕಟಣೆ ಓದಿದರೆ ಸಾಕು. ಆದರೆ ಕಣ್ಣು, ಕಿವಿ, ಬಣ್ಣ ಗುರುತಿಸುವ ಪರೀಕ್ಷೆ ಇವತ್ತೇ ಮಾಡಿಸಿಬಿಡಿ. ವರ್ಷಗಟ್ಟಲೆ ಓದಿ, ಓಡಿ, ಕೊನೆಗೆ ಬಣ್ಣದ ಚುಕ್ಕೆಗಳ ಹಾಳೆ ಮುಂದೆ ಸೋತು ವಾಪಸಾದವರನ್ನು ನೋಡಿದ್ದೇನೆ. ಮೊದಲೇ ಗೊತ್ತಾಗಿದ್ದರೆ ಅವರು ಬೇರೆ ದಾರಿ ಹಿಡಿಯುತ್ತಿದ್ದರು ಅಲ್ವಾ?

ಬೆನ್ನು, ಹೊಟ್ಟೆಯ ಸ್ನಾಯು ಗಟ್ಟಿ ಮಾಡಿಕೊಳ್ಳಿ. ಯಂತ್ರ ಇಡೀ ಹೊತ್ತು ನಡುಗುತ್ತಿರುತ್ತದೆ, ಎರಡು ಕೈ ಎರಡು ಕಾಲಿಗೂ ಕೆಲಸ ಇರುವುದರಿಂದ ಮುಂದಕ್ಕೆ ಬಾಗಿಯೇ ಕೂರುತ್ತೇವೆ. ಬೆನ್ನುನೋವು ಈ ಕೆಲಸದಲ್ಲಿ ಜಾಸ್ತಿ.

ಇನ್ನು ಹೋವರ್. ಅಂದರೆ ಗಾಳಿಯಲ್ಲಿ ಒಂದೇ ಜಾಗದಲ್ಲಿ ನಿಲ್ಲುವುದು. ಕಲಿಯಲು ಬಂದವರು ಅಳುವಂತಾಗುವುದು ಇಲ್ಲೇ. ಎಡಗೈಯಲ್ಲಿ ಕಲೆಕ್ಟಿವ್, ಅಂದರೆ ಯಂತ್ರ ಏರಿಸಿ ಇಳಿಸುವ ಸನ್ನೆ. ಬಲಗೈಯಲ್ಲಿ ಸೈಕ್ಲಿಕ್, ಅಂದರೆ ಹಿಂದೆ ಮುಂದೆ, ಅಕ್ಕಪಕ್ಕ ವಾಲಿಸುವ ಕೋಲು. ಕಾಲ ಕೆಳಗೆ ಮೂತಿ ತಿರುಗಿಸುವ ಪೆಡಲ್. ಕಲೆಕ್ಟಿವ್ ಎತ್ತಿದರೆ ಯಂತ್ರ ಮೇಲೇಳುತ್ತದೆ, ಜೊತೆಗೆ ಮೂತಿಯೂ ತಿರುಗುತ್ತದೆ. ಮೂತಿ ನೇರ ಮಾಡಲು ಪೆಡಲ್ ಒತ್ತಿದರೆ ಬಾಲದ ರೋಟರ್, ಅಂದರೆ ಅಲ್ಲಿ ತಿರುಗುವ ರೆಕ್ಕೆ, ಯಂತ್ರವನ್ನೇ ಪಕ್ಕಕ್ಕೆ ಸರಿಸುತ್ತದೆ. ಅದನ್ನು ಸೈಕ್ಲಿಕ್‌ನಲ್ಲಿ ತಡೆಯುವಷ್ಟರಲ್ಲಿ ಎತ್ತರ ಇಳಿದಿರುತ್ತದೆ. ಮತ್ತೆ ಕಲೆಕ್ಟಿವ್.

ನನ್ನ ಮೊದಲ ವಾರ, ನೆಲದಿಂದ ಐದಡಿ ಮೇಲೆ ಯಂತ್ರ ತೊಟ್ಟಿಲಿನ ಹಾಗೆ ತೂಗುತ್ತಿತ್ತು. ಸೈಕ್ಲಿಕ್ ಹಿಡಿದ ಬೆರಳ ಗೆಣ್ಣು ಬೆಳ್ಳಗಾಗಿತ್ತು. ಕಣ್ಣು ಮೂತಿಯ ಮುಂದಿನ ಹುಲ್ಲಿಗೇ ನೆಟ್ಟಿತ್ತು. ಪಕ್ಕದ ಸೀಟಿನಿಂದ ಗುರುಗಳು ಮೆಲ್ಲಗೆ ಅಂದರು: "ಹುಲ್ಲು ಬಿಡು. ದೂರದ ಆ ಮರ ನೋಡು. ಮುಂಗೈ ತೊಡೆ ಮೇಲಿರಲಿ. ಹೆಬ್ಬೆರಳು, ಎರಡು ಬೆರಳು ಸಾಕು."

ಮಾಡಿ ನೋಡಿದೆ. ತೂಗಾಟ ಅರ್ಧ ಕಡಿಮೆಯಾಯಿತು. ಕಾರಣ ಆಮೇಲೆ ತಿಳಿಯಿತು. ಕೈ ಅಲುಗಿದ ಮೇಲೆ ಯಂತ್ರ ಸರಿಯಲು ಒಂದು ಕ್ಷಣ ಬೇಕು. ಅಷ್ಟು ತಾಳದೆ ಇನ್ನೂ ತಳ್ಳಿದರೆ ಎರಡೂ ತಳ್ಳಿಕೆಯ ಫಲ ಸೇರಿ ಬರುತ್ತದೆ, ಆಗ ಗಾಬರಿಯಿಂದ ಹಿಂದಕ್ಕೆ ಎಳೆಯುತ್ತೇವೆ. ಕಣ್ಣು ದೂರ ಇದ್ದರೆ ಯಂತ್ರ ವಾಲುವ ಮೊದಲ ಸುಳಿವೇ ಸಿಗುತ್ತದೆ, ಕೈಗೆ ಸಣ್ಣ ಕೆಲಸ ಸಾಕಾಗುತ್ತದೆ. ನೀವೂ ಮೊದಲ ದಿನದಿಂದ ದೂರ ನೋಡಿ.

ಎಂಜಿನ್ ನಿಂತರೆ? ಕಲೆಕ್ಟಿವ್ ತಕ್ಷಣ ಕೆಳಗೆ. ಇಳಿಯುವಾಗ ಕೆಳಗಿನಿಂದ ನುಗ್ಗುವ ಗಾಳಿಯೇ ತಲೆ ಮೇಲಿನ ದೊಡ್ಡ ರೋಟರ್ ತಿರುಗಿಸುತ್ತದೆ. ನೆಲ ಹತ್ತಿರವಾದಾಗ ಮೂತಿ ಎತ್ತಿ ವೇಗ ತಗ್ಗಿಸಿ, ಕೊನೆಗೆ ಕಲೆಕ್ಟಿವ್ ಎತ್ತಿ ಮೆತ್ತಗೆ ಕೂರಿಸಬೇಕು. ಆ ಎತ್ತುವ ಅವಕಾಶ ಒಂದೇ ಸಲ. ಅದಕ್ಕೇ ತರಬೇತಿಯಲ್ಲಿ ಇದನ್ನು ಮತ್ತೆ ಮತ್ತೆ ಮಾಡಿಸುತ್ತಾರೆ.

ಕೈ ಪಳಗಿದ ಮೇಲೆ ಬರುವುದು ಲೆಕ್ಕ. ಬಿಸಿಲಲ್ಲಿ, ಎತ್ತರದಲ್ಲಿ ಗಾಳಿ ತೆಳುವಾಗುತ್ತದೆ. ರೋಟರ್‌ಗೂ ಎಂಜಿನ್‌ಗೂ ಅದೇ ಗಾಳಿ, ಎರಡರ ಬಲವೂ ಕುಗ್ಗುತ್ತದೆ. 1944ರ ಏಪ್ರಿಲ್‌ನಲ್ಲಿ ಬರ್ಮಾದಲ್ಲಿ ಅಮೆರಿಕದ ಕಾರ್ಟರ್ ಹಾರ್ಮನ್ ಸಿಕೋರ್ಸ್ಕಿ ಆರ್-4 ಹೆಲಿಕಾಪ್ಟರ್‌ನಲ್ಲಿ ನಾಲ್ಕು ಜನರನ್ನು ಶತ್ರು ಸಾಲಿನ ಆಚೆಯಿಂದ ತಂದ. ಯುದ್ಧಭೂಮಿಯಲ್ಲಿ ಹೆಲಿಕಾಪ್ಟರ್ ಮಾಡಿದ ಮೊದಲ ರಕ್ಷಣೆಗಳಲ್ಲಿ ಅದೊಂದು. ಸಲಕ್ಕೆ ಒಬ್ಬರನ್ನಷ್ಟೇ ತರಲು ಆಗುತ್ತಿತ್ತು. ಆ ಪುಟ್ಟ ಎಂಜಿನ್, ಆ ಸೆಕೆಗೆ ಅಷ್ಟೇ ಸಾಧ್ಯ. ಈಗಿನ ಯಂತ್ರಗಳು ದೊಡ್ಡವು, ಲೆಕ್ಕ ಮಾತ್ರ ಅದೇ.

ಈಗಲೇ ಅಭ್ಯಾಸ ಶುರು ಮಾಡಿ. ಗಂಟೆಗೆ 300 ಕೆಜಿ ಇಂಧನ ಕುಡಿಯುವ ಯಂತ್ರ, ಟ್ಯಾಂಕಿನಲ್ಲಿ 500 ಕೆಜಿ. 40 ನಿಮಿಷ ಹಾರಿದರೆ ಎಷ್ಟು ಉಳಿಯಿತು? ಇಂಥವನ್ನು ಸುಮ್ನೆ ಕೂತು ಬಿಡಿಸಬೇಡಿ. ಜೋರಾಗಿ ನಡೆಯುತ್ತಾ, ಯಾರೋ ಮಾತಾಡಿಸುತ್ತಿರುವಾಗ, ಮನಸ್ಸಿನಲ್ಲೇ ಬಿಡಿಸಿ. ಕಾಕ್‌ಪಿಟ್‌ನಲ್ಲಿ ಹೆಚ್ಚುಕಮ್ಮಿ ಹಾಗೇ ಇರುತ್ತದೆ.

ಒಂದು ಮಧ್ಯಾಹ್ನ ಬೆಟ್ಟದ ತುದಿಯಿಂದ ಆರು ಸೈನಿಕರನ್ನು ಇಳಿಸಬೇಕಿತ್ತು. ನನ್ನ ಲೆಕ್ಕಕ್ಕೆ ನಾಲ್ಕೇ ಜನ. ಎಲ್ಲರೂ ದಣಿದಿದ್ದರು, ಒಬ್ಬನ ಕಾಲು ಮುರಿದಿತ್ತು. "ಆಗುತ್ತೆ ಸರ್, ಒತ್ತೊತ್ತಾಗಿ ಕೂರುತ್ತೇವೆ" ಅಂದರು. ಜಾಗ ಇತ್ತು, ಬಲ ಇರಲಿಲ್ಲ. ಕಾಲು ಮುರಿದವನನ್ನೂ ಇನ್ನು ಮೂವರನ್ನೂ ಹತ್ತಿಸಿಕೊಂಡೆ. ನೆಲ ಬಿಟ್ಟು ಸ್ವಲ್ಪ ಎತ್ತರದಲ್ಲಿ ನಿಲ್ಲಿಸಿ ಟಾರ್ಕ್ ಮುಳ್ಳು, ಅಂದರೆ ಎಂಜಿನ್ ಎಷ್ಟು ಬಲ ಹಾಕುತ್ತಿದೆ ಎಂದು ತೋರಿಸುವ ಮುಳ್ಳು, ನೋಡಿದೆ. ಮಿತಿಗೆ ಕೂದಲೆಳೆಯಷ್ಟೇ ಕೆಳಗಿತ್ತು. ಮೆಲ್ಲಗೆ ಮೂತಿ ತಗ್ಗಿಸಿ ಹೊರಟೆ. ಇಬ್ಬರು ಅಲ್ಲೇ ನಿಂತು ನಮ್ಮನ್ನೇ ನೋಡುತ್ತಿದ್ದರು.

ಎರಡನೇ ಸಲ ಹೋದಾಗ ಸಂಜೆ ತಂಪಾಗಿತ್ತು. ಅವರನ್ನು ಹತ್ತಿಸಿಕೊಂಡು ಮತ್ತೆ ಅಷ್ಟೇ ಎತ್ತರದಲ್ಲಿ ನಿಲ್ಲಿಸಿ ಮುಳ್ಳು ನೋಡಿದೆ. ಈ ಸಲ ಸಾಕಷ್ಟು ಕೆಳಗಿತ್ತು. ಅದನ್ನೂ ತೊಡೆ ಮೇಲಿನ ಹಾಳೆಯಲ್ಲಿ ಬರೆದುಕೊಂಡು ಹೊರಟೆ.