ಕಂಟೇನರ್ ಜಾಲವೂ ಕಚೇರಿ ಜಾಲವೂ ಒಂದೇ ವಿಳಾಸ ಬಳಸಿದಾಗ: ನನ್ನ ಅನುಭವ

ವಿಪಿಎನ್ (ಹೊರಗಿನಿಂದ ಕಚೇರಿ ಜಾಲಕ್ಕೆ ಸುರಕ್ಷಿತವಾಗಿ ಸೇರುವ ದಾರಿ) ಮೂಲಕ ಬರುವವರಿಗೆ ಮಾತ್ರ ಒಂದು ಸರ್ವರ್ ಸಿಗುತ್ತಿಲ್ಲ, ಕಚೇರಿಯೊಳಗೆ ಇರುವವರಿಗೆ ಯಾವ ತೊಂದರೆಯೂ ಇಲ್ಲ ಎಂಬ ದೂರು ಬಂದಾಗ ಎಲ್ಲರೂ ಮೊದಲು ಫೈರ್‌ವಾಲ್ ಅನ್ನು ಅನುಮಾನಿಸಿದರು. ಅದರ ನಿಯಮಗಳಲ್ಲಿ ಏನೂ ಬದಲಾಗಿರಲಿಲ್ಲ. ಆದರೆ ಆ ಸರ್ವರ್‌ನಲ್ಲಿ ಡಾಕರ್ ಕಂಪೋಸ್ (ಅಪ್ಲಿಕೇಶನ್‌ಗಳನ್ನು ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ನಡೆಸುವ ಡಾಕರ್‌ನ ಸಾಧನ) ಬಳಸಿ ಹೊಸದೊಂದು ಅಪ್ಲಿಕೇಶನ್ ಶುರುಮಾಡಲಾಗಿತ್ತು.

ಸರ್ವರ್‌ನಲ್ಲಿ ಜಾಲದಲ್ಲಿ ಓಡಾಡುವ ಪ್ಯಾಕೆಟ್‌ಗಳನ್ನು ತೋರಿಸುವ ಟಿಸಿಪಿಡಂಪ್ ಹಚ್ಚಿ ನೋಡಿದರೆ ವಿಪಿಎನ್ ಬಳಕೆದಾರರ ಪ್ಯಾಕೆಟ್‌ಗಳು ಬಂದು ತಲುಪುತ್ತಿದ್ದವು, ಉತ್ತರ ಮಾತ್ರ ಹೊರಗೆ ಹೋಗುತ್ತಿರಲಿಲ್ಲ. ವಿಪಿಎನ್‌ಗೆ ಮೀಸಲಾಗಿದ್ದದ್ದು 172.18.40.0/22 ಎಂಬ ವಿಳಾಸಗಳ ಗುಂಪು (ಓರೆಗೆರೆಯ ನಂತರದ ಸಂಖ್ಯೆ ಚಿಕ್ಕದಾದಷ್ಟೂ ಗುಂಪು ದೊಡ್ಡದು). ಪ್ಯಾಕೆಟ್ ಯಾವ ದಾರಿ ಹಿಡಿಯುತ್ತದೆಂದು ಹೇಳುವ ‘ಐಪಿ ರೂಟ್ ಗೆಟ್’ ಆಜ್ಞೆಗೆ 172.18.40.7 ಎಂದು ಕೊಟ್ಟಾಗ ಡೀಫಾಲ್ಟ್ ಗೇಟ್‌ವೇ (ಹೊರಗಿನ ಜಾಲಗಳಿಗೆ ಹೋಗುವ ದ್ವಾರ) ಬದಲು ಡಾಕರ್‌ನ ಬ್ರಿಡ್ಜ್ (ಕಂಟೇನರ್‌ಗಳನ್ನು ಜೋಡಿಸುವ ಒಳಜಾಲ) ಹೆಸರು ಬಂತು. ಹೊಸ ಅಪ್ಲಿಕೇಶನ್‌ಗಾಗಿ ಡಾಕರ್ 172.18.0.0/16 ಅನ್ನು ಪೂರ್ತಿಯಾಗಿ ತೆಗೆದುಕೊಂಡಿತ್ತು; ವಿಪಿಎನ್‌ನ ವಿಳಾಸಗಳೂ ಅದರೊಳಗೇ ಬರುತ್ತವೆ.

ಡಾಕರ್ ವಿಳಾಸ ಆರಿಸುವ ಮುನ್ನ ಆ ಯಂತ್ರದ ರೂಟಿಂಗ್ ಟೇಬಲ್ (ದಾರಿಗಳ ಪಟ್ಟಿ) ಅನ್ನು ಪರಿಶೀಲಿಸುತ್ತದೆ. ಆದರೆ ಡೀಫಾಲ್ಟ್ ಗೇಟ್‌ವೇಯಿಂದ ಆಚೆ ಯಾವ ಜಾಲಗಳಿವೆ ಎಂದು ಅದಕ್ಕೆ ಗೊತ್ತಾಗುವ ದಾರಿಯೇ ಇಲ್ಲ. ಆದ್ದರಿಂದ ವಿಳಾಸಗಳ ಆಯ್ಕೆಯನ್ನು ಅದಕ್ಕೇ ಬಿಡಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ತಾತ್ಕಾಲಿಕವಾಗಿ 172.18.40.0/22 ಗೇಟ್‌ವೇ ಮೂಲಕವೇ ಹೋಗುವಂತೆ ಒಂದು ರೂಟ್ ಸೇರಿಸಿದೆ. /16ಕ್ಕಿಂತ /22 ಹೆಚ್ಚು ನಿರ್ದಿಷ್ಟವಾದದ್ದರಿಂದ ಅದಕ್ಕೇ ಆದ್ಯತೆ ಸಿಗುತ್ತದೆ. ದೂರದಿಂದ ಸರ್ವರ್‌ಗೆ ಲಾಗಿನ್ ಆಗುವ ಎಸ್‌ಎಸ್‌ಎಚ್ ಕೂಡಲೇ ಸರಿಹೋಯಿತು, ಆದರೆ ಅಪ್ಲಿಕೇಶನ್‌ನ ಪುಟ ತೆರೆಯಲಿಲ್ಲ. ಪ್ರಕಟಿಸಿದ (ಹೊರಗಿನವರಿಗೆ ತೆರೆದಿಟ್ಟ) ಪೋರ್ಟ್‌ಗೆ ಬಂದ ಪ್ಯಾಕೆಟ್ ಕಂಟೇನರ್ ತಲುಪುವಾಗ ಕಳುಹಿಸಿದವರ ವಿಳಾಸ ಹಾಗೆಯೇ ಉಳಿದಿರುತ್ತದೆ. ಕಂಟೇನರ್ ತಾನೂ 172.18.0.0/16ರಲ್ಲೇ ಇರುವುದರಿಂದ ಆ ವ್ಯಕ್ತಿ ಪಕ್ಕದಲ್ಲೇ ಇದ್ದಾನೆಂದು ತಿಳಿದು ಬ್ರಿಡ್ಜ್ ಮೇಲೆ ಎಆರ್‌ಪಿ (‘ಈ ವಿಳಾಸ ಯಾರದು?’ ಎಂಬ) ಕೂಗು ಹಾಕುತ್ತದೆ, ಓಗೊಡುವವರು ಯಾರೂ ಇರುವುದಿಲ್ಲ. ಹೀಗಾಗಿ ಕಂಟೇನರ್ ಜಾಲದ ವಿಳಾಸವನ್ನೇ ಬದಲಿಸದೆ ಗತ್ಯಂತರವಿರಲಿಲ್ಲ.

ನೆಟ್‌ವರ್ಕ್ ತಂಡದೊಂದಿಗೆ ಕುಳಿತು, ಎಲ್ಲಿಯೂ ಬಳಕೆಯಲ್ಲಿಲ್ಲದ 10.212.0.0/16 ಅನ್ನು ಕಂಟೇನರ್‌ಗಳಿಗೆಂದೇ ವಿಳಾಸ ಪಟ್ಟಿಯಲ್ಲಿ ಕಾದಿರಿಸಿಕೊಂಡೆ. 100.64.0.0/10 ಬಳಸಬಹುದೆಂಬ ಸಲಹೆ ಬಂದಿತ್ತು; ಅದನ್ನು 2012ರಲ್ಲಿ ಇಂಟರ್ನೆಟ್ ಸೇವಾ ಸಂಸ್ಥೆಗಳ ಹಂಚಿಕೆ ಜಾಲಗಳಿಗೆ ಮೀಸಲಿಟ್ಟಿದ್ದಾರೆ, ಕೆಲವು ವಿಪಿಎನ್ ವ್ಯವಸ್ಥೆಗಳೂ ಅದನ್ನೇ ಬಳಸುತ್ತವೆ, ಆದ್ದರಿಂದ ಒಪ್ಪಲಿಲ್ಲ. ಡಾಕರ್‌ನ ಸೆಟ್ಟಿಂಗ್‌ಗಳಿರುವ ಡೀಮನ್ ಡಾಟ್ ಜೇಸನ್ ಕಡತದಲ್ಲಿ ಮೂಲ ಬ್ರಿಡ್ಜ್‌ಗೆ 10.212.0.1/24 ಕೊಟ್ಟು, ಉಳಿದ ಜಾಲಗಳಿಗೆ 10.212.128.0/17 ಅನ್ನು /24 ತುಂಡುಗಳಾಗಿ ಹಂಚುವಂತೆ ಬರೆದೆ. ಇದರಿಂದ 128 ಜಾಲಗಳು ಸಿಗುತ್ತವೆ. ಒಂದೊಂದು ಅಪ್ಲಿಕೇಶನ್‌ಗೂ ಅರವತ್ತೈದು ಸಾವಿರ ವಿಳಾಸ ಹಿಡಿದಿಡುವ ಅಗತ್ಯ ನಮಗಿರಲಿಲ್ಲ.

ಡಾಕರ್ ಅನ್ನು ಮರುಚಾಲನೆ ಮಾಡಿದ ಮಾತ್ರಕ್ಕೆ ಮೊದಲೇ ಸೃಷ್ಟಿಯಾಗಿರುವ ಜಾಲಗಳು ಬದಲಾಗುವುದಿಲ್ಲ. ಬಿಡುವಿನ ವೇಳೆ ಗೊತ್ತುಮಾಡಿಕೊಂಡು ಒಂದೊಂದೇ ಅಪ್ಲಿಕೇಶನ್ ಅನ್ನು ‘ಕಂಪೋಸ್ ಡೌನ್’ ಮಾಡಿ ಮತ್ತೆ ‘ಅಪ್’ ಮಾಡಿದೆ; ವಾಲ್ಯೂಮ್ (ಕಂಟೇನರ್‌ನ ಹೊರಗೆ ದತ್ತಾಂಶ ಇಡುವ ಜಾಗ) ಅಳಿಸುವ ಆಯ್ಕೆ ಸೇರಿಸದಿದ್ದರೆ ಅದರಲ್ಲಿರುವ ದತ್ತಾಂಶಕ್ಕೆ ಧಕ್ಕೆಯಿಲ್ಲ. ಕಂಪೋಸ್ ಕಡತದಲ್ಲೇ ಸಬ್‌ನೆಟ್ (ಜಾಲದ ವಿಳಾಸ ಗುಂಪು) ಬರೆದಿದ್ದರೆ ಡೀಮನ್‌ನ ಹೊಸ ವ್ಯವಸ್ಥೆ ಅದಕ್ಕೆ ಅನ್ವಯಿಸದ ಕಾರಣ ಅಂಥವನ್ನು ಹುಡುಕಿ ಕೈಯಾರೆ ತಿದ್ದಬೇಕಾಯಿತು. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಪ್ರವೇಶಾನುಮತಿ ಕಡತದಲ್ಲಿ ಹಳೆಯ 172.18.0.0/16 ಇನ್ನೂ ಉಳಿದಿತ್ತು. ಅದನ್ನೂ ಬದಲಿಸಿದ ಮೇಲೆಯೇ ಅಪ್ಲಿಕೇಶನ್‌ಗೆ ಡೇಟಾಬೇಸ್ ಸಿಕ್ಕಿತು.

ಹಲವು ಯಂತ್ರಗಳ ಗುಂಪಿನಲ್ಲಿ (ಕ್ಲಸ್ಟರ್) ಕಂಟೇನರ್‌ಗಳನ್ನು ನಡೆಸುವ ಕುಬರ್ನೆಟಿಸ್‌ನಲ್ಲಿ ಈ ವಿಚಾರಣೆ ಸ್ಥಾಪನೆಗೆ ಮುನ್ನವೇ ಆಗಬೇಕು. ಅದನ್ನು ಸ್ಥಾಪಿಸುವ ಸಾಧನವಾದ ಕ್ಯೂಬ್‌ಅಡ್ಮಿನ್, ಸೇವೆಗಳಿಗೆಂದು ತಾನಾಗಿ ತೆಗೆದುಕೊಳ್ಳುವ 10.96.0.0/12 ಎಂದರೆ 10.96ರಿಂದ 10.111ರವರೆಗಿನ ಎಲ್ಲ ವಿಳಾಸಗಳು; ಕ್ಲಸ್ಟರ್ ನಡೆಯತೊಡಗಿದ ಬಳಿಕ ಅದನ್ನು ಬದಲಿಸುವುದು ಡಾಕರ್‌ನಲ್ಲಿ ಬದಲಿಸಿದಷ್ಟು ಸುಲಭವಲ್ಲ.